ರೀಸೆಟ್ ಗುಂಡಿಯ ಮೇಲಿನ ಪ್ಲಾಸ್ಟರ್

ಶಿಕಾರಿಪುರದ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಮೂರು ಕಂಪ್ಯೂಟರ್‌ಗಳಿದ್ದವು. ಮೂರರ ರೀಸೆಟ್ ಗುಂಡಿಗಳ ಮೇಲೂ ಸುಮಿತ್ರಾ ಮೇಡಂ ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರ್ ಅಂಟಿಸಿದ್ದರು. ಯಂತ್ರ ನಿಂತೊಡನೆ ಯಾರ ಬೆರಳಾದರೂ ಅತ್ತ ಸರಿದರೆ ಕರಿಹಲಗೆಯ ಬಳಿಯಿಂದಲೇ ಗದರುತ್ತಿದ್ದರು: “ಕೈ ತೆಗೀರಿ! ತಪ್ಪು ಯಾರದು ಅಂತ ಕೇಳಿದ್ರೇನ್ರಿ ಮೊದ್ಲು?”

ಅವರು ದಿನವೂ ಆನವಟ್ಟಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ತಾತ್ಕಾಲಿಕ ಉಪನ್ಯಾಸಕಿ. ವಿದ್ಯಾರ್ಥಿಗಳನ್ನೂ ‘ರೀ’ ಎಂದೇ ಮಾತನಾಡಿಸುತ್ತಿದ್ದರು. ಸೊರಬದ ಕಡೆಯ ಹಳ್ಳಿಯಿಂದ ಬಂದು, ನಮ್ಮ ಮನೆಯಲ್ಲೇ ಮೊದಲಿಗನಾಗಿ ಪದವಿ ಓದುತ್ತಿದ್ದ ನನಗೆ ಆ ‘ರೀ’ ಕೇಳಿದಾಗಲೆಲ್ಲ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಕೊನೆಯ ವರ್ಷ ನಮ್ಮ ನಾಲ್ವರ ತಂಡದಿಂದ ಅವರು ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆಸಿದರು. ಅದರ ತಿರುಳಾದ ಮೈಕ್ರೋಕರ್ನೆಲ್ ಆದಷ್ಟು ಕಡಿಮೆ ಕೆಲಸ ಮಾಡಬೇಕೆಂಬುದು ಅವರ ಹಟ. ಯಾವುದೋ ಲೆಕ್ಕ ಸೊನ್ನೆಯಿಂದ ಭಾಗಿಸಲು ಹೋದರೆ ಪ್ರೊಸೆಸರ್ ಅಲ್ಲಿಗೇ ನಿಂತು ದೂರು ಕೊಡುತ್ತದೆ. ಕರ್ನೆಲ್ ತಾನು ತೀರ್ಪು ನೀಡದೆ ಆ ದೂರನ್ನು ಹೊರಗಿನ ಒಂದು ಪ್ರೋಗ್ರಾಮಿಗೆ ದಾಟಿಸುತ್ತದೆ. ಆ ಪ್ರೋಗ್ರಾಮ್ ದೂರನ್ನು ‘ತಿದ್ದಿಕೊ, ಇಲ್ಲವೇ ನಿಲ್ಲು’ ಎಂಬ ಸಿಗ್ನಲ್ ಆಗಿ ಬದಲಿಸಿ, ಏಕಕಾಲದಲ್ಲಿ ಓಡುವ ಹಲವು ಕೆಲಸದ ಎಳೆಗಳಲ್ಲಿ, ಅಂದರೆ ಥ್ರೆಡ್‌ಗಳಲ್ಲಿ, ತಪ್ಪು ಮಾಡಿದ ಒಂದಕ್ಕೆ ಮಾತ್ರ ತಲುಪಿಸಬೇಕು. ಆ ಭಾಗವನ್ನು ಬರೆದವನು ನಾನು.

ಮೊದಲ ಸಲ ಓಡಿಸಿದಾಗ ತಪ್ಪು ಮಾಡಿದ್ದು ಎರಡನೆಯ ಥ್ರೆಡ್, ಸತ್ತದ್ದು ಒಂದನೆಯದು. ದೂರಿನಲ್ಲಿದ್ದ ಥ್ರೆಡ್ ಸಂಖ್ಯೆಯನ್ನು ಓದದೆ, ಪಟ್ಟಿಯಲ್ಲಿ ಮೊದಲು ಸಿಕ್ಕಿದ್ದಕ್ಕೇ ನಾನು ಸಿಗ್ನಲ್ ಕಳಿಸಿದ್ದೆ.

“ಎರಡೂ ಒಂದೇ ಪ್ರೋಗ್ರಾಮಿನವಲ್ವಾ ಮೇಡಂ?” ಎಂದೆ.

“ಒಂದೇ ಮನೆಯವರು ಅಂತ ತಮ್ಮ ಮಾಡಿದ್ದಕ್ಕೆ ಅಣ್ಣನ ಕಿವಿ ಹಿಂಡ್ತೀರೇನ್ರಿ? ಮಾಡಿದವನಿಗೇ ಹೇಳ್ರಿ. ಸರಿ ಮಾಡ್ಕೊಳ್ಳಾಕೆ ಅವನಿಗೊಂದು ಅವಕಾಶ ಕೊಡ್ರಿ. ಕೇಳ್ಲಿಲ್ವಾ, ಆಮೇಲೆ ನಿಲ್ಲಿಸ್ರಿ!”

ತಿದ್ದಿದೆ. ಆದರೆ ಅಂತಿಮ ಪರೀಕ್ಷೆಯ ದಿನ ಗಾಬರಿಯಲ್ಲಿ, ತಿದ್ದುವ ಮೊದಲಿನ ಪ್ರತಿಯಿದ್ದ ಹಳೆಯ ಫ್ಲಾಪಿಯನ್ನೇ ತಂದೆ. ಹೊರಗಿನಿಂದ ಬಂದ ಪರೀಕ್ಷಕರ ಎದುರು, ಪರದೆಯ ಕೆಲಸ ನೋಡಿಕೊಳ್ಳುತ್ತಿದ್ದ ಒಂದನೆಯ ಥ್ರೆಡ್ ಏನೂ ತಪ್ಪಿಲ್ಲದೆ ಸತ್ತಿತು. ಪರದೆ ಅಲ್ಲಾಡದೆ ನಿಂತಿತು.

“ಯಾರ್ರೀ ಇದಕ್ಕೆ ಜವಾಬ್ದಾರಿ?” ಪರೀಕ್ಷಕರ ಪಕ್ಕದಲ್ಲಿದ್ದ ಪ್ರಾಂಶುಪಾಲರು ಗುಡುಗಿದರು.

ಮೇಡಂ ನನ್ನನ್ನು ನೋಡಿದರು. ನಾನು ಮೇಜನ್ನು ನೋಡಿದೆ.

“ನಾನೇ ಸರ್,” ಎಂದರು ಮೇಡಂ.

ಮುಂದಿನ ವರ್ಷಕ್ಕೆ ಅವರು ಬೇಡವೆಂದು ಅದೇ ವಾರ ತೀರ್ಮಾನವಾಯಿತು. ಒಂದು ಪ್ರಶ್ನೆಯಿಲ್ಲ, ಒಂದು ನೋಟಿಸಿಲ್ಲ. ಆ ಫ್ಲಾಪಿಯಲ್ಲಿ ಏನಿತ್ತೆಂದು ತೆರೆದು ನೋಡುವಷ್ಟು ವ್ಯವಧಾನವೂ ಕಾಲೇಜಿನ ದೊಡ್ಡವರಿಗಿರಲಿಲ್ಲ. ಮೂರು ಹಳೆಯ ಯಂತ್ರಗಳನ್ನಿಟ್ಟುಕೊಂಡು ಮಕ್ಕಳ ಕೈಯಲ್ಲಿ ಕರ್ನೆಲ್ ಬರೆಸಿದವರನ್ನು ಹೊರಹಾಕಲು ಒಂದು ಸಹಿ ಸಾಕಾಯಿತು! ಇಂದಿಗೂ ನೆನೆದರೆ ಮೈ ಉರಿಯುತ್ತದೆ. ಆದರೆ ನನ್ನ ಪಾಲನ್ನು ಮುಚ್ಚಿಟ್ಟು ಆ ದೊಡ್ಡವರನ್ನಷ್ಟೇ ಬೈದರೆ ಈ ಬರಹ ಸುಳ್ಳಾದೀತು: ತಪ್ಪು ಮೇಡಂ ತಲೆಗೆ ಬಿತ್ತು, ನನಗೆ ಪ್ರಥಮ ದರ್ಜೆ ಬಂತು.

ಮೇಡಂ ಅವರ ಕೊನೆಯ ದಿನ ಬಸ್ ನಿಲ್ದಾಣಕ್ಕೆ ಓಡಿದೆ. ಆನವಟ್ಟಿ ಬಸ್ಸಿನ ಕಿಟಕಿಯ ಕೆಳಗೆ ನಿಂತು, “ಮೇಡಂ, ತಪ್ಪು ನನ್ನದು. ಹಳೇ ಫ್ಲಾಪಿ ಹಾಕಿದ್ದೆ,” ಎಂದೆ.

“ಒಂದನೇ ಥ್ರೆಡ್ ಸತ್ತಾಗ್ಲೇ ಗೊತ್ತಾತ್ರಿ,” ಎಂದರು. “ಅದಕ್ಕೇ ನಿಮ್ಮ ಕಡೆ ನೋಡಿದ್ದು. ಎಷ್ಟೊತ್ತು ನೋಡ್ದೆ, ಗೊತ್ತೇನ್ರಿ?”

ಕಂಡಕ್ಟರ್ ಸೀಟಿ ಊದಿದ.

ಅಂಕಪಟ್ಟಿ ತರಲು ಕಾಲೇಜಿಗೆ ಹೋದಾಗ ಪ್ರಯೋಗಾಲಯದೊಳಗೆ ಇಣುಕಿದೆ. ಮೂರೂ ಗುಂಡಿಗಳ ಪ್ಲಾಸ್ಟರ್ ಕಿತ್ತಿದ್ದರು. ಸುತ್ತ ಕಪ್ಪಾದ ಅಂಟು ಮಾತ್ರ ಉಳಿದಿತ್ತು.