ದೀಪ ಹತ್ತುವ ಸದ್ದು

ಅವ್ವ ತೀರಿಕೊಂಡ ಮೇಲೆ ಮಾತಾಡಿಸಲು ಬಂದವರಿಗೆಲ್ಲ ಅಣ್ಣ ಒಂದೇ ಮಾತು ಹೇಳುತ್ತಿದ್ದ. "ಬೆಲ್ ಒತ್ಲೇ ಇಲ್ಲ ನೋಡಿ. ಕಷ್ಟ ಆಗಿದ್ರೆ ಒತ್ತಿರೋಳು. ನಿದ್ದೇಲೇ ಹೋಗ್ಬಿಟ್ಳು, ಪುಣ್ಯವಂತೆ."

ಆ ಬೆಲ್ ತಂದುಕೊಟ್ಟವನು ನಾನೇ. ಬ್ಯಾಟರಿಯದು. ಒತ್ತುವ ಗುಂಡಿಯನ್ನು ಅವ್ವನ ಹಾಸಿಗೆಯ ಅಂಚಿಗೆ ಕಟ್ಟಿದ್ದೆವು. ಸದ್ದು ಮಾಡುವ ಡಬ್ಬಿ ಪಕ್ಕದ ಕರೆಂಟ್ ಮಗ್ಗದ ಶೆಡ್ಡಿನ ಗೋಡೆಯಲ್ಲಿತ್ತು. ಕೊಯಮತ್ತೂರಿನ ಹತ್ತಿರದ ನಮ್ಮ ಸೋಮನೂರಿನಲ್ಲಿ ನಮ್ಮಂಥವರ ಮನೆಗೂ ಶೆಡ್ಡಿಗೂ ನಡುವೆ ಇರುವುದು ಒಂದು ಗೋಡೆ, ಒಂದು ಬಾಗಿಲು, ಅಷ್ಟೇ. ಅವತ್ತು ತಿಂಗಳಿಗೊಮ್ಮೆ ಬರುವ ಕರೆಂಟ್ ಶಟ್‌ಡೌನ್. ಅತ್ತಿಗೆ ತಮ್ಮನ ಮಗುವಿನ ತೊಟ್ಟಿಲು ಶಾಸ್ತ್ರಕ್ಕೆಂದು ತವರೂರು ಕಾಂಗೇಯಕ್ಕೆ ಹೋಗಿದ್ದರು. ಅಣ್ಣ ಒಬ್ಬನೇ ಶೆಡ್ಡಿನಲ್ಲಿ ಕೂತು ಮಗ್ಗದ ಹಾಸುನೂಲಿನಲ್ಲಿ ಹರಿದ ಎಳೆಗಳಿಗೆ ಗಂಟು ಹಾಕುತ್ತಿದ್ದ. ಮೂರು ಗಂಟೆಗೆ ಕಾಫಿ ಹಿಡಿದು ಒಳಗೆ ಹೋದಾಗ ಅವ್ವನ ಉಸಿರು ನಿಂತಿತ್ತು.

"ತರಿ ಓಡ್ತಿದ್ದಿದ್ರೆ ಕೇಳ್ಸಿಲ್ಲ ಅನ್ಬೋದಿತ್ತು," ಎಂದು ಅಣ್ಣ ಮುಂದುವರಿಸುತ್ತಿದ್ದ. ಮಗ್ಗಕ್ಕೆ ನಮ್ಮಲ್ಲಿ ತರಿ ಅಂತಲೇ ಹೇಳುವುದು. "ಅವತ್ತು ಊರಿಗೇ ಕರೆಂಟ್ ಇಲ್ಲ. ಸೂಜಿ ಬಿದ್ರೂ ಕೇಳೋದು. ಒತ್ತಿದ್ರೆ ನನಗೆ ಕೇಳ್ದೇ ಇರ್ತಿತ್ತಾ?"

ಇದನ್ನು ಹೇಳಿ ಹೇಳಿಯೇ ಅವನು ಆ ದಿನಗಳನ್ನು ದಾಟಿದ. ಊಟ ಸರಿಯಿಲ್ಲ, ಯಾರ ಜೊತೆಗೂ ಮಾತಿಲ್ಲ, ಬಂದವರೆದುರು ಮಾತ್ರ ಇದೊಂದು ಮಾತು. ಇದೂ ಕೈಬಿಟ್ಟರೆ ಅಣ್ಣ ಉಳಿಯುವುದಿಲ್ಲ ಎಂದು ನನಗೆ ನಿಜವಾಗಿಯೂ ಭಯವಾಗಿತ್ತು.

ನಾನು ಕೊಯಮತ್ತೂರಿನಲ್ಲಿ ಪಂಪು ತಯಾರಿಸುವ ಒಂದು ಕಂಪನಿಯಲ್ಲಿ ಡ್ರಾಯಿಂಗ್ ಕೆಲಸದಲ್ಲಿದ್ದೇನೆ. ಇಪ್ಪತ್ತೈದು ತುಂಬುವವರೆಗೆ ನಾನೂ ಅದೇ ಶೆಡ್ಡಿನಲ್ಲಿ ಎಂಟು ಮಗ್ಗಗಳ ನಡುವೆ ಓಡಾಡಿದವನು. ತಿಂಗಳ ಶಾಸ್ತ್ರ ಮುಗಿಸಿ ಅವ್ವನ ಟ್ರಂಕು ತೆಗೆದಾಗ, ಸೀರೆಗಳ ಅಡಿಯಲ್ಲಿ ನಮ್ಮ ಕಾಲದ ವೀಡಿಯೋ ಗೇಮಿನ ಕ್ಯಾಸೆಟ್ಟು ಸಿಕ್ಕಿತು. ಟಿ.ವಿ.ಗೆ ಹಾಕಿ ಆಡುವಂಥದ್ದು. ಯಂತ್ರ ಎಂದೋ ಗುಜರಿಗೆ ಹೋಗಿತ್ತು. ಈ ಕ್ಯಾಸೆಟ್ಟನ್ನು ಅವ್ವ ಯಾಕೆ ಎತ್ತಿಟ್ಟಳೋ ದೇವರೇ ಬಲ್ಲ. ಅಣ್ಣ ಅದನ್ನು ಕೈಗೆ ತೆಗೆದುಕೊಂಡು ಅಂಗಿಯಲ್ಲಿ ಒರೆಸಿದ, ಊದಿದ. ಆಗ ಎಲ್ಲರೂ ಹಾಗೆ ಊದುತ್ತಿದ್ದರು. ಒಂದು ತಿಂಗಳಲ್ಲಿ ಮೊದಲ ಸಲ ಅವನ ಮುಖ ಸ್ವಲ್ಪ ಸಡಿಲವಾಯಿತು.

"ಕಪ್ಪೆ ಆಟ ಕಣೋ," ಎಂದ.

ಕಪ್ಪೆಯೊಂದು ಗುಹೆಯೊಳಗೆ ಹಾರುತ್ತಾ ಹೋಗುತ್ತದೆ. ದಾರಿಯಲ್ಲಿ ಆರಿಹೋದ ದೀಪಗಳಿವೆ, ಮುಟ್ಟಿದರೆ ಹತ್ತುತ್ತವೆ. ಹತ್ತುವಾಗ ಚಿಣ್ ಎಂದು ಸಣ್ಣಗೆ, ಚೂಪಾಗಿ ಒಂದು ಸದ್ದು. ಮೂರನೆಯ ಗುಹೆಯಲ್ಲಿ ಏನೂ ಕಾಣುವುದಿಲ್ಲ, ಪರದೆ ಪೂರ್ತಿ ಕಪ್ಪು. ಅಲ್ಲಿ ಆ ಚಿಣ್ ಅನ್ನು ಕೇಳಿಕೊಂಡೇ ಹಾರಬೇಕು. ನಾನು ಅಲ್ಲಿ ಯಾವಾಗಲೂ ಸಾಯುತ್ತಿದ್ದೆ. ಅಣ್ಣ ಕಿವಿ ಕೊಟ್ಟು, ಕಣ್ಣು ಮುಚ್ಚಿಕೊಂಡು ದಾಟಿಬಿಡುತ್ತಿದ್ದ. ಅವ್ವ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾ ಹಿಂದೆ ಕೂತು, "ಹಾರೋ, ಹಾರೋ, ಬಿದ್ದೀಯ!" ಎಂದು ಕಿರುಚುತ್ತಿದ್ದಳು.

ಇದನ್ನು ಹೇಗಾದರೂ ಮತ್ತೆ ಓಡಿಸಬೇಕು ಎಂದು ನಾನು ಹಟಕ್ಕೆ ಬಿದ್ದೆ. ಈಗ ಅಂಗೈ ಅಗಲದ ಕಂಪ್ಯೂಟರ್ ಬೋರ್ಡುಗಳು ಸಿಗುತ್ತವೆ. ಅದಕ್ಕೆ ಎಮ್ಯುಲೇಟರ್ ಎಂಬ ಪ್ರೋಗ್ರಾಂ ಹಾಕಿದರೆ ಅದು ಹಳೇ ಆಟದ ಯಂತ್ರದ ವೇಷ ಹಾಕಿಕೊಂಡು ಕೂರುತ್ತದೆ. ಆಫೀಸಿನಲ್ಲಿ ಇಂಥದ್ದರಲ್ಲಿ ಹುಚ್ಚಿದ್ದ ಒಬ್ಬನ ಸಹಾಯದಿಂದ ಕ್ಯಾಸೆಟ್ಟಿನಲ್ಲಿದ್ದ ಆಟವನ್ನು ಫೈಲಿಗೆ ಇಳಿಸಿಕೊಂಡೆ. ಒಂದು ಭಾನುವಾರ ಬೋರ್ಡು, ಮೆಮೊರಿ ಕಾರ್ಡು, ಎರಡು ಕಂಟ್ರೋಲರು ಚೀಲದಲ್ಲಿ ಹಾಕಿಕೊಂಡು ಸೋಮನೂರಿಗೆ ಹೋದೆ. ಭಾನುವಾರ ಮಗ್ಗಕ್ಕೆ ರಜೆ.

ಟಿ.ವಿ.ಯಲ್ಲಿ ಕಪ್ಪೆ ಬಂತು. ಢುಂ ಢುಂ ಎಂದು ಹಿನ್ನೆಲೆ ವಾದ್ಯವೂ ಬಂತು. ಅಣ್ಣ ಕುರ್ಚಿಯ ತುದಿಗೆ ಸರಿದು ಕೂತ. ಮೊದಲ ದೀಪ ಹತ್ತಿತು. ಎರಡನೆಯದು ಹತ್ತಿತು. ಅಣ್ಣ ನನ್ನ ಕಡೆ ತಿರುಗಿದ.

"ಏನ್ಡಾ, ದೀಪ ಹತ್ತಿದ್ರೆ ಸೌಂಡೇ ಇಲ್ಲ?"

ಹೌದು, ಇರಲಿಲ್ಲ. ನಾನೂ ಕಿವಿಗೊಟ್ಟು ಕೇಳಿದೆ. ಢುಂ ಢುಂ ಇದೆ, ಕಪ್ಪೆ ಹಾರುವ ತೊಪ್ ಇದೆ, ಆ ಚಿಣ್ ಮಾತ್ರ ಇಲ್ಲ. ಮೂರನೆಯ ಗುಹೆಗೆ ಹೋಗಿ ಅಣ್ಣ ಏಳು ಸಲ ಸತ್ತ. ಕಂಟ್ರೋಲರ್ ಕೆಳಗಿಟ್ಟು, "ನನ್ನ ಕೈಲಿ ಆಗಲ್ಲ ಬಿಡು, ವಯಸ್ಸಾಯ್ತು," ಎಂದ. ಇವನನ್ನು ಸ್ವಲ್ಪ ನಗಿಸೋಣ ಎಂದು ಬಂದರೆ ಈ ದರಿದ್ರ ಬೋರ್ಡು ಅದಕ್ಕೂ ಕಲ್ಲು ಹಾಕಿತಲ್ಲ!

"ನಿನ್ನ ತಪ್ಪಲ್ಲ ಕಣೋ, ಇದರ ತಪ್ಪು. ಮುಂದಿನ ವಾರ ಸರಿ ಮಾಡಿ ತರ್ತೀನಿ," ಎಂದೆ.

ಅಲ್ಲಿಂದ ಶುರುವಾಯಿತು ನನ್ನ ಕರ್ಮ. ಎಮ್ಯುಲೇಟರಿನಲ್ಲಿ ಸದ್ದು ಕೆಡಲು ನೂರು ಕಾರಣ. ಎರಡನೆಯ ಭಾನುವಾರ ಟಿ.ವಿ.ಯ ತಂತಿ ಬದಲಾಯಿಸಿದೆ. ಆಮೇಲೆ ಟಿ.ವಿ.ಯನ್ನೇ ಬಿಟ್ಟು, ಬೋರ್ಡಿನ ಹೆಡ್‌ಫೋನ್ ತೂತಿನಿಂದ ಬೇರೆ ಸ್ಪೀಕರಿಗೆ ಕೊಟ್ಟೆ. ಸೆಟ್ಟಿಂಗ್ ಫೈಲುಗಳಲ್ಲಿ ಸಾಲು ಸಾಲು ತಿದ್ದಿದೆ. ತಿದ್ದಿದ್ದು ಹೆಚ್ಚಾಗಿ ಒಂದು ಸಲ ಬೋರ್ಡು ಎದ್ದೇಳಲೇ ಇಲ್ಲ, ಕಾರ್ಡು ಅಳಿಸಿ ಮೊದಲಿನಿಂದ ಎಲ್ಲ ಹಾಕಿದೆ. ಇಂಟರ್‌ನೆಟ್ಟಿನಲ್ಲಿ ಯಾರ್‍ಯಾರೋ ಅವರವರ ಸೌಂಡಿನ ಗೋಳು ತೋಡಿಕೊಂಡಿದ್ದರು. ಅವರು ಮಾಡಿದ್ದನ್ನೆಲ್ಲ ನಾನೂ ಮಾಡಿದೆ. ಮೂರನೆಯ ವಾರ ಬೇರೆ ಎಮ್ಯುಲೇಟರ್, ನಾಲ್ಕನೆಯ ವಾರ ಬೇರೆ ಬೋರ್ಡೇ ತಂದೆ. ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ಢುಂ ಢುಂ ಚೆನ್ನಾಗಿ ಬರುತ್ತಿತ್ತು. ಚಿಣ್ ಬರಲಿಲ್ಲ.

ಆದರೆ ಅಣ್ಣ ಕಾಯತೊಡಗಿದ್ದ. ಶನಿವಾರ ಅವನೇ ಫೋನ್ ಮಾಡಿ, "ಬರ್ತೀಯಾ? ಇವತ್ತು ಏನು ಮಾಡ್ತೀಯ ಅದಕ್ಕೆ?" ಎಂದು ಕೇಳುತ್ತಿದ್ದ. ನಾನು ಸ್ಕ್ರೂಡ್ರೈವರ್ ಹಿಡಿದರೆ ಅವನು ಟಾರ್ಚು ಹಿಡಿಯುತ್ತಿದ್ದ. ಊಟಕ್ಕೆ ಎರಡನೆಯ ಸಲ ಅನ್ನ ಹಾಕಿಸಿಕೊಂಡ. ಅತ್ತಿಗೆ ಬಾಗಿಲ ಬಳಿ ನನ್ನನ್ನು ನಿಲ್ಲಿಸಿ, "ಇದು ರಿಪೇರಿ ಆಗ್ದೇ ಇದ್ರೂ ಪರವಾಗಿಲ್ಲ, ನೀವು ಬರ್ತಾ ಇರಿ," ಎಂದರು. ಅವರು ಹಾಗೆಂದಾಗ ನನ್ನ ಕಣ್ಣು ತುಂಬಿತು.

ಅತ್ತಿಗೆ ನಮ್ಮ ಜೊತೆ ಕೂತವರಲ್ಲ. ನಾವು ಆಡುವಾಗ ಅವರಿಗೆ ಅಡುಗೆಮನೆಯ ಕೆಲಸ. ಒಮ್ಮೆ ಮಾತ್ರ ಬಂದು, "ಬಾಗಿಲು ಹಾಕ್ಕೊಳ್ಳಿ, ತಲೆ ಸಿಡೀತಾ ಇದೆ," ಎಂದು ಗದರಿದ್ದರು. ಆ ಢುಂ ಢುಂಗೆ ಹೇಳುತ್ತಿದ್ದಾರೆ ಎಂದುಕೊಂಡು ಬಾಗಿಲು ಹಾಕಿದೆ.

ಐದನೆಯ ಭಾನುವಾರ ಅತ್ತಿಗೆ ಮುರುಕ್ಕಿನ ತಟ್ಟೆ ತಂದು ಅಲ್ಲೇ ನನ್ನ ಪಕ್ಕ ಕೂತರು. ಅಣ್ಣ ನಮ್ಮ ಮುಂದೆ, ಟಿ.ವಿ.ಗೆ ಹತ್ತಿರ. ಕಪ್ಪೆ ಒಂದು ದೀಪ ಹೊತ್ತಿಸಿತು.

"ಐದು ವಾರ ಆಯ್ತು ಅತ್ತಿಗೆ. ದೀಪ ಹತ್ತೋ ಸೌಂಡು ಎಲ್ಲಿ ಹೋಯ್ತೋ ಗೊತ್ತಾಗ್ತಿಲ್ಲ," ಎಂದೆ.

"ಯಾವ ಸೌಂಡು?"

"ಚಿಣ್ ಅಂತ ಬರ್ಬೇಕು."

ಅತ್ತಿಗೆ ನನ್ನನ್ನೇ ನೋಡಿದರು. ತಮಾಷೆ ಮಾಡುತ್ತಿದ್ದೇನೆಯೇ ಎಂಬಂತೆ. ಕಪ್ಪೆ ಇನ್ನೊಂದು ದೀಪ ಮುಟ್ಟಿತು.

"ಬಂತಲ್ಲ! ಅಯ್ಯೋ, ಐದು ವಾರದಿಂದ ಅದೇ ಜೀರುಂಡೆ ಥರ ಕಿವಿ ಕೊರೀತಿದೆ, ನಿಮಗೆ ಕೇಳ್ಸಲ್ವಾ?"

ಫೋನಿನಲ್ಲಿ ಧ್ವನಿ ಮುದ್ರಿಸುವ ಆ್ಯಪ್ ತೆರೆದು ಸ್ಪೀಕರಿನ ಹತ್ತಿರ ಹಿಡಿದೆ. ಕಪ್ಪೆ ದೀಪ ಮುಟ್ಟಿದಾಗಲೆಲ್ಲ ಫೋನಿನ ಪರದೆಯಲ್ಲಿ ಸದ್ದಿನ ಗೆರೆ ಎತ್ತರಕ್ಕೆ ಜಿಗಿಯುತ್ತಿತ್ತು. ನನ್ನ ಕಿವಿಯಲ್ಲಿ ಏನೂ ಇಲ್ಲ. ಬೋರ್ಡು ಸರಿಯಿತ್ತು, ತಂತಿ ಸರಿಯಿತ್ತು, ಮೊದಲ ದಿನದಿಂದ ಎಲ್ಲವೂ ಸರಿಯಿತ್ತು. ಕೆಟ್ಟಿದ್ದದ್ದು ನಮ್ಮಿಬ್ಬರ ಕಿವಿ.

ಇದು ಇಷ್ಟು ವರ್ಷ ಗೊತ್ತಾಗಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಎಂಟು ಮಗ್ಗ ಓಡುವ ಶೆಡ್ಡಿನಲ್ಲಿ ಕಿವಿಯಿಂದ ಯಾರೂ ಮಾತು ಕೇಳುವುದಿಲ್ಲ. ತುಟಿ ನೋಡಿ ತಿಳಿದುಕೊಳ್ಳುತ್ತೇವೆ, ಕೈ ಸನ್ನೆ ಮಾಡುತ್ತೇವೆ. ಶೆಡ್ಡಿನ ಈ ತುದಿಯಿಂದ ಆ ತುದಿಗೆ ಸದ್ದೇ ಇಲ್ಲದೆ ಜಗಳ ಆಡಿ ರಾಜಿ ಆಗಿದ್ದೇವೆ. ಮನೆಗೆ ಬಂದರೆ ಎಲ್ಲರೂ ಕೂಗಿಯೇ ಮಾತಾಡುವುದು, ಅದೇ ನಮ್ಮ ಮಾಮೂಲು ದನಿ. ಇಂಥ ಮನೆಯಲ್ಲಿ ಒಬ್ಬನ ಕಿವಿಯಿಂದ ಸಣ್ಣ ಸದ್ದುಗಳು ಒಂದೊಂದಾಗಿ ಕಳಚಿಹೋದರೆ ಯಾರಿಗೆ ತಿಳಿಯುತ್ತದೆ?

ಅತ್ತಿಗೆ ಕಾಂಗೇಯದ ಎಣ್ಣೆ ಗಾಣದವರ ಮನೆಯಿಂದ ಬಂದವರು, ಶೆಡ್ಡಿನಲ್ಲಿ ದುಡಿದವರಲ್ಲ. ಅವ್ವನ ಬೆಲ್‌ನದೂ ಅಂಥದ್ದೇ ಚೂಪು ಸದ್ದಿರಬೇಕು; ಅದು ಹೊಡೆದಾಗಲೆಲ್ಲ ಎದ್ದು ಹೋಗುತ್ತಿದ್ದವರು ಅವರೇ. ಮಗ್ಗ ನಿಂತ ಹೊತ್ತಿನಲ್ಲೂ ಅಣ್ಣ ಒಮ್ಮೆಯೂ ಎದ್ದಿರಲಿಲ್ಲ. ಹೆಂಡತಿ ಹೋಗುತ್ತಾಳೆ ಎಂದು ಕೂತಿದ್ದಾನೆ ಎಂದೇ ನಾವೆಲ್ಲ ತಿಳಿದಿದ್ದೆವು. ಇನ್ನು ನಾನು, ದೊಡ್ಡ ಇಂಜಿನಿಯರ್! ಬೆಲ್ ಕಟ್ಟಿದ ದಿನ ಗುಂಡಿ ಒತ್ತಿಸಿ, ಡಬ್ಬಿಯ ಕೆಂಪು ದೀಪ ಮಿನುಗಿದ್ದನ್ನು ಕಣ್ಣಿಂದ ನೋಡಿ, "ಓಕೆ, ಕೆಲಸ ಮಾಡ್ತಿದೆ," ಎಂದು ಕೈ ತೊಳೆದುಕೊಂಡಿದ್ದೆ.

ಅತ್ತಿಗೆಗೂ ಅದೇ ಕ್ಷಣ ಹೊಳೆಯಿತು. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕೈಯಲ್ಲಿದ್ದ ಮುರುಕ್ಕನ್ನು ತಟ್ಟೆಗೆ ಹಾಕಿಬಿಟ್ಟರು.

ಅಣ್ಣ ಆಗ ಮೂರನೆಯ ಗುಹೆಯಲ್ಲಿದ್ದ. ಬೆನ್ನು ನಮ್ಮ ಕಡೆಗಿತ್ತು. ಅತ್ತಿಗೆ ಹೇಳಿದ್ದು ಆ ಢುಂ ಢುಂ ನಡುವೆ ಅವನಿಗೆ ತಲುಪಿರಲಿಲ್ಲ ಎಂದುಕೊಂಡೆ. ನಾನು ಅತ್ತಿಗೆಯ ಕಡೆ ತಿರುಗಿ ಶೆಡ್ಡಿನ ಅಭ್ಯಾಸದಂತೆ ದನಿ ಇಲ್ಲದೆ, ಬರೀ ತುಟಿಯಲ್ಲಿ ಹೇಳಿದೆ: ಅವನಿಗೆ ಹೇಳ್ಬೇಡಿ. ಅವನ ಕಿವಿ ಹೋಗಿದೆ ಅಂತ ಗೊತ್ತಾದ್ರೆ, ಅವತ್ತು ಅವ್ವ ಬೆಲ್ ಒತ್ತಿದ್ಳೇನೋ ಅಂತ ಸತ್ತೇ ಹೋಗ್ತಾನೆ.

ಕಂಟ್ರೋಲರಿನ ಟಕಟಕ ನಿಂತಿತು.

ನಾನು ತಲೆ ಎತ್ತಿದೆ. ಗುಹೆ ಕತ್ತಲು, ಟಿ.ವಿ. ಪರದೆ ಪೂರ್ತಿ ಕಪ್ಪು. ಆ ಕಪ್ಪಿನಲ್ಲಿ ನಾನೂ ಅತ್ತಿಗೆಯೂ ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತಿದ್ದೆವು. ಅಣ್ಣ ಅಲ್ಲಿ ನನ್ನ ಬಾಯಿಯನ್ನೇ ನೋಡುತ್ತಿದ್ದ.

ಅವನು ಕೂಗಾಡಲಿಲ್ಲ. ಕಂಟ್ರೋಲರನ್ನು ಮೆಲ್ಲಗೆ ನೆಲಕ್ಕಿಟ್ಟು ಎದ್ದ. "ಅವ್ವನ ಬೆಲ್ ಎಲ್ಲಿದೆ?" ಎಂದು ಕೇಳಿದ.

"ಅಣ್ಣಾ, ಬೇಡ," ಎಂದೆ.

"ಐದು ವಾರ ನೀನು ಟೆಸ್ಟ್ ಮಾಡಿದ್ಯಲ್ಲ. ಇದೊಂದು ನಾನು ಮಾಡ್ತೀನಿ."

ಬೆಲ್ ಎಲ್ಲೂ ಹೋಗಿರಲಿಲ್ಲ. ಗುಂಡಿ ಅವ್ವನ ಮಂಚಕ್ಕೇ ಕಟ್ಟಿಕೊಂಡಿತ್ತು, ಡಬ್ಬಿ ಗೋಡೆಯಲ್ಲೇ ಇತ್ತು. ಅಣ್ಣ ಅತ್ತಿಗೆಗೆ, "ನೀನು ಒಳಗಿದ್ದು ಒತ್ತು. ನಾನು ಕೂತ ಮೇಲೆ," ಎಂದು ಹೇಳಿ ಶೆಡ್ಡಿಗೆ ನಡೆದ. ಅತ್ತಿಗೆ ಆಗಲೇ ಅಳುತ್ತಿದ್ದರು. "ನಾನು ಕಾಂಗೇಯಕ್ಕೆ ಹೋಗ್ಬಾರ್ದಿತ್ತು, ಹೋಗ್ಬಾರ್ದಿತ್ತು," ಎಂದು ಅದನ್ನೇ ಹೇಳುತ್ತಾ ಅವ್ವನ ಕೋಣೆಗೆ ಹೋದರು. ನಾನು ಅಣ್ಣನ ಹಿಂದೆ ಹೋದೆ.

ಮಗ್ಗಗಳು ನಿಂತಿದ್ದವು. ಅಣ್ಣ ಅವತ್ತು ಕೂತ ಜಾಗದಲ್ಲೇ, ಮೂರನೆಯ ಮಗ್ಗದ ಹಿಂದಿನ ಸ್ಟೂಲಿನ ಮೇಲೆ ಕೂತ. ಅಲ್ಲಿ ಕೂತು ಎಳೆಗೆ ಗಂಟು ಹಾಕುವವನ ಬೆನ್ನು ಡಬ್ಬಿಗೆ ಇರುತ್ತದೆ. ಈಗ ಅವನು ಡಬ್ಬಿಯ ಕಡೆಗೆ ಮುಖ ಮಾಡಿ ಕೂತಿದ್ದ. ದೇವರೇ, ಕೇಳಲಿ, ಒಂದು ಚೂರಾದರೂ ಕೇಳಲಿ ಎಂದು ಬೇಡಿಕೊಂಡೆ.

ಕೆಂಪು ದೀಪ ಮಿನುಗಿತು. ನನಗೆ ಏನೂ ಕೇಳಲಿಲ್ಲ. ಮತ್ತೆ ಮಿನುಗಿತು. ಅಣ್ಣ ಒಂದು ಕಿವಿ ಅತ್ತ ತಿರುಗಿಸಿದ, ಆಮೇಲೆ ಇನ್ನೊಂದು ಕಿವಿ. ದೀಪ ಮಿನುಗುತ್ತಲೇ ಇತ್ತು, ಒಳಗೆ ಅತ್ತಿಗೆ ಬಿಡದೆ ಒತ್ತುತ್ತಿದ್ದರು. ಅವನು ಅದನ್ನು ಎಷ್ಟು ಹೊತ್ತು ನೋಡಿದನೋ ನಾನು ಹೇಳಲಾರೆ. ಹೋಗಿ ಅವನ ಕೈ ಹಿಡಿದುಕೊಳ್ಳುವ ಧೈರ್ಯ ನನಗೆ ಬರಲಿಲ್ಲ.

ಅತ್ತಿಗೆ ಬಾಗಿಲಲ್ಲಿ ಬಂದು ನಿಂತರು. ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಅಣ್ಣನಿಗೆ ಕಾಣಲಿ ಎಂದು ಅದನ್ನು ಸರಿಸಿ ಕೇಳಿದರು.

"ಕೇಳ್ತಾ?"

ಅಣ್ಣ ಎದ್ದ. ಪಂಚೆ ಕೊಡವಿಕೊಂಡ.

"ಕೇಳ್ತು ಕಣೆ. ಚೆನ್ನಾಗಿ ಕೇಳ್ತು. ಆ ಆಟದ್ದು ಬೇರೆ ಥರ ಸೌಂಡು, ಇದು ಬೇರೆ. ಅಳ್ಬೇಡ. ಅವ್ವ ಒತ್ತಿಲ್ಲ."

ಅತ್ತಿಗೆ ನನ್ನ ಕಡೆ ನೋಡಿದರು. ಅಣ್ಣನೂ ನೋಡಿದ.

"ನಿಮಗೂ ಕೇಳ್ತಾ?" ಎಂದರು ಅತ್ತಿಗೆ.

"ಕೇಳ್ತು," ಎಂದೆ.