ವ್ಯಾನಿನ ಬಲಬದಿಯ ಬಾಗಿಲು

ಭೂತ-ಪ್ರೇತದ ಮಾತು ಶುರುವಾದರೆ ಎದ್ದು ಹೋಗುತ್ತಿದ್ದವನು ನಾನು. ಕೊಲ್ಲಿ ದೇಶದ ಶುಐಬಾದಲ್ಲಿ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿ ಹದಿನೆಂಟು ವರ್ಷಗಳಿಂದ ಇದ್ದೇನೆ. ಎಲ್ಲಿ ಏನು ಅವಘಡವಾದರೂ ಅದಕ್ಕೊಂದು ಕಾರಣ ಹುಡುಕಿ ಬರೆಯುವುದೇ ನನ್ನ ಕೆಲಸ. ಆದ್ದರಿಂದ ಇದನ್ನು ಹೇಳಲು ನನಗೇ ಸಂಕೋಚ. ನೀವು ನಂಬಲೇಬೇಕೆಂಬ ಹಟವೂ ಇಲ್ಲ.

ಆರು ವರ್ಷದ ಹಿಂದಿನ ಮಾತು. ಜೊತೆಗೆ ಕೆಲಸ ಮಾಡುತ್ತಿದ್ದ ಲಖನೌದ ಸಲೀಂ ಭಾಯಿ ಹಳೆಯ ಸಾಮಾನು ಸಾಗಿಸುವ ವ್ಯಾನ್ ಒಂದನ್ನು ಕೊಂಡು, ಒಳಗೆ ಎರಡು ಮಂಚ, ಒಂದು ಒಲೆ, ನೀರಿನ ಟ್ಯಾಂಕ್ ಕೂರಿಸಿದ್ದರು. ಅವರ ತಮ್ಮ ವಫ್ರಾದ ಆಚೆ ಮರುಭೂಮಿಯಲ್ಲಿ, ಎಣ್ಣೆಬಾವಿಯ ಕೆಲಸಗಾರರ ಪುಟ್ಟ ಊರಿನಲ್ಲಿದ್ದ. ಅಲ್ಲಿಗೆ ಹೋಗಿ ಎರಡು ದಿನ ಇದ್ದು ಬರೋಣ ಎಂದರು. ಹತ್ತು ವರ್ಷದ ನನ್ನ ಮಗಳು ಅನ್ವಿಗೆ ವ್ಯಾನಿನಲ್ಲಿ ಮಲಗುವ ಆಸೆ. ಹೆಂಡತಿಗೆ ಆಸ್ಪತ್ರೆಯ ಡ್ಯೂಟಿ ಇದ್ದುದರಿಂದ ನಾವು ಮೂವರೇ ಸಾಲ್ಮಿಯಾದ ಮನೆಯಿಂದ ಬೆಳಿಗ್ಗೆ ಹೊರಟೆವು. ಮಗುವಿಗೆ ಉಬ್ಬಸವಿದೆ, ಜಾಗ್ರತೆ ಎಂದು ಅವಳು ನಾಲ್ಕು ಸಲ ಹೇಳಿದ್ದಳು.

ಡಾಂಬರು ರಸ್ತೆ ಮುಗಿದು ಅರ್ಧ ಗಂಟೆಯಾಗಿತ್ತು. ನಡುಮಧ್ಯಾಹ್ನ. ಎಡಗಡೆ ಆಕಾಶ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದನ್ನು ನೋಡಿದ್ದೇ ತಡ, ಧೂಳು ನಮ್ಮನ್ನು ನುಂಗಿಬಿಟ್ಟಿತು. ಬಾನೆಟ್ ಕೂಡ ಕಾಣಿಸದು. ಹಿಂದಿನಿಂದ ಲಾರಿ ಬಂದು ಗುದ್ದೀತೆಂದು ಸಲೀಂ ಭಾಯಿ ದಾರಿ ಬಿಟ್ಟು ಬಲಕ್ಕೆ ಇಳಿಸಿ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಇಂಜಿನ್ ಕೆಮ್ಮಿ ನಿಂತಿತು. ಎ.ಸಿ. ಹೋಯಿತು. ಫೋನಿಗೆ ಸಿಗ್ನಲ್ ಇಲ್ಲ.

ಒಂದು ಗಂಟೆ ಕಳೆಯುವಷ್ಟರಲ್ಲಿ ವ್ಯಾನು ಬೇಯುತ್ತಿರುವ ಪಾತ್ರೆಯಂತಾಗಿತ್ತು. ತಗಡು ಮುಟ್ಟಿದರೆ ಕೈ ಚುರುಕ್ ಅನ್ನುತ್ತಿತ್ತು. ಅನ್ವಿ ಉಬ್ಬಸದ ಪಂಪನ್ನು ಎರಡು ಸಲ ಎಳೆದುಕೊಂಡರೂ ಅವಳ ಎದೆ ಸೀಟಿ ಹೊಡೆಯುತ್ತಲೇ ಇತ್ತು. "ಪಪ್ಪಾ, ಐ ಕಾಂಟ್ ಬ್ರೀದ್" ಎಂದಳು. ಗಾಳಿ ಎಡದಿಂದ ಬೀಸುತ್ತಿತ್ತು. ಬಲಬದಿಯ ಜಾರುವ ಬಾಗಿಲನ್ನು ತೆಗೆದು, ವ್ಯಾನಿನ ಮರೆಯಲ್ಲಿ ಅವಳನ್ನು ಇಳಿಸಿದರೆ ಸ್ವಲ್ಪ ತಂಪಾದೀತು ಎಂದು ಲೆಕ್ಕ ಹಾಕಿದೆ. ಅವಳನ್ನು ಬದಿಗೆ ನಿಲ್ಲಿಸಿ ಹಿಡಿಕೆಗೆ ಕೈ ಹಾಕಿದೆ.

ಆಗ ಅದೇ ಬಾಗಿಲನ್ನು ಹೊರಗಿನಿಂದ ಯಾರೋ ಬಡಿದರು. ಅಂಗೈಯಿಂದ, ಮೂರು ಸಲ. ಆಮೇಲೆ ಒಂದು ಗಂಡುದನಿ, ತೀರಾ ಹತ್ತಿರದಿಂದ, ನನ್ನ ಮನೆಮಾತಾದ ತುಳುವಿನಲ್ಲಿ ಹೇಳಿತು: "ಬಾಕಿಲ್ ದೆಪ್ಪಡ." ಬಾಗಿಲು ತೆಗೆಯಬೇಡ.

ಅನ್ವಿ ನನ್ನ ಅಂಗಿ ಹಿಡಿದು ಜಗ್ಗಿದಳು. ನಾನು ಕೈ ತೆಗೆದೆ. "ಕೌನ್ ಹೈ ಭಾಯಿ?" ಎಂದು ಸಲೀಂ ಭಾಯಿ ಕೂಗಿದರು. ಯಾರೋ ನಮ್ಮೂರಿನ ಕೆಲಸಗಾರ, ಹೊರಗಿನ ಧೂಳಿನ ಜೋರು ಬಲ್ಲವನು, ಎಂದುಕೊಂಡೆ. ಒದ್ದೆ ಬಟ್ಟೆಯನ್ನು ಮಗಳ ಮುಖಕ್ಕೆ ಹಿಡಿದು ಕೂತೆ. ಪುನಃ ಆ ಬಾಗಿಲನ್ನು ಮುಟ್ಟುವ ಧೈರ್ಯ ನನಗೂ ಬರಲಿಲ್ಲ, ಸಲೀಂ ಭಾಯಿಗೂ ಬರಲಿಲ್ಲ. ಹಾಗೆ ಎಷ್ಟು ಹೊತ್ತು ಕೂತಿದ್ದೆವೋ ತಿಳಿಯದು.

ಧೂಳು ಇಳಿದಾಗ, ಇಲ್ಲಿನ ಗಾಡಿಗಳಲ್ಲಿ ಎಡಕ್ಕಿರುವ ಚಾಲಕನ ಬಾಗಿಲಿನಿಂದ ಇಳಿದು, ಆ ಮನುಷ್ಯನನ್ನು ಹುಡುಕಲು ವ್ಯಾನಿನ ಹಿಂದಿನಿಂದ ಬಲಬದಿಗೆ ಹೋದೆ. ಜಲ್ಲಿ ತೆಗೆದು ಬಿಟ್ಟ ಹಳೆಯ ಗುಂಡಿ. ಎರಡಾಳಿಗೂ ಹೆಚ್ಚು ಆಳ, ನೆಟ್ಟಗೆ ಕಡಿದ ಗೋಡೆ. ಚಕ್ರಕ್ಕೂ ಅಂಚಿಗೂ ನಡುವೆ ನನ್ನ ಒಂದು ಗೇಣು ಜಾಗ. ಬಾಗಿಲು ತೆಗೆದು ಕಾಲಿಟ್ಟಿದ್ದರೆ ನೆಲವೇ ಇರಲಿಲ್ಲ. ಬಾಗಿಲು ಬಡಿದವನು ನಿಲ್ಲಲು ಕೂಡ ಜಾಗವಿರಲಿಲ್ಲ.

ಸಲೀಂ ಭಾಯಿ ಇಣುಕಿ ನೋಡಿ ಬಿಳಿಚಿಕೊಂಡರು. ಸುತ್ತ ಎಲ್ಲಿಯೂ ಜನವಿಲ್ಲ, ಗುಡಾರವಿಲ್ಲ. ಕೀಲಿ ತಿರುಗಿಸಿದರೆ ಈ ಸಲ ಇಂಜಿನ್ ಹತ್ತಿತು. ದಾರಿಯಲ್ಲಿ ನಾನು, "ಪಾಪ, ಆ ತುಳುವಿನವನು ಎಲ್ಲಿ ಹೋದನೋ" ಎಂದೆ.

"ಯಾವ ತುಳು?" ಎಂದರು ಸಲೀಂ ಭಾಯಿ. "ಅವನು ಸಾಫ್ ಉರ್ದುವಿನಲ್ಲಿ ಹೇಳಿದ. ದರ್ವಾಜಾ ಮತ್ ಖೋಲೋ ಅಂದ."

"ನೋ, ಇಟ್ ವಾಸ್ ಇಂಗ್ಲಿಷ್" ಎಂದಳು ಅನ್ವಿ.

ಸಲೀಂ ಭಾಯಿ ಸಿಟ್ಟಾದರು. ನಾನೂ ದನಿ ಏರಿಸಿದೆ.

ಸಲೀಂ ಭಾಯಿ ಈಗ ಲಖನೌಗೆ ಮರಳಿದ್ದಾರೆ. ಫೋನಿನಲ್ಲಿ ಎಲ್ಲ ಮಾತಾಡುತ್ತಾರೆ, ಇದೊಂದನ್ನು ಬಿಟ್ಟು. ಕಾವಿಗೆ ನಮ್ಮ ತಲೆ ಕೆಟ್ಟಿತ್ತು ಎಂದು ನಾನೇ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಮೂವರಿಗೂ ಒಂದೇ ಗಳಿಗೆಯಲ್ಲಿ, ಒಂದೇ ಮಾತಿನಿಂದ ಕೆಟ್ಟಿತೇ ಎಂದು ಮತ್ತೆ ನಾನೇ ಕೇಳಿಕೊಳ್ಳುತ್ತೇನೆ.

ಹೋದ ತಿಂಗಳು, ಇಷ್ಟು ವರ್ಷದಲ್ಲಿ ಮೊದಲ ಸಲ, ಅನ್ವಿಯನ್ನು ಕೇಳಿದೆ. ಆ ಸ್ವರ ಹೇಗಿತ್ತು, ನೆನಪಿದೆಯಾ? ಅವಳು ಮೊಬೈಲಿನಿಂದ ತಲೆಯೆತ್ತಿ, ಇದೆಂಥ ಪ್ರಶ್ನೆ ಎಂಬಂತೆ ನನ್ನನ್ನು ನೋಡಿದಳು.

"ಇಟ್ ವಾಸ್ ಯುವರ್ ವಾಯ್ಸ್, ಪಪ್ಪಾ" ಎಂದಳು. "ನೀವು ಒಳಗಿದ್ದೀರಾ ಅಂತ ನೋಡೋಕೇ ನಾನು ನಿಮ್ಮ ಶರ್ಟ್ ಹಿಡಿದದ್ದು."