ಚಿಕ್ಕಮ್ಮ ಹಿಡಿದುಕೊಂಡ ವೈರು

ಇವತ್ತು ರಿಪೇರಿ ಅಂಗಡಿಯವರು ನನ್ನ ಹೆಡ್‌ಸೆಟ್‌ನ ತುಂಡಾದ ವೈರನ್ನು ಬ್ಲೇಡಿನಿಂದ ಹೆರೆಯುವುದನ್ನು ನೋಡುತ್ತಿದ್ದಾಗ ಹೊನ್ನಾಳಿಯ ಟೆಲಿಫೋನ್ ಎಕ್ಸ್‌ಚೇಂಜ್ ನೆನಪಾಯಿತು. ನಾನು ಚಿಕ್ಕವಳಿದ್ದಾಗ ನಮ್ಮ ಚಿಕ್ಕಮ್ಮ ಅಲ್ಲಿ ಆಪರೇಟರ್ ಆಗಿದ್ದಳು. ಶಾಲೆ ಬಿಟ್ಟ ಮೇಲೆ ನಾನು ಅವಳ ಪಕ್ಕದಲ್ಲೇ ಕೂತು ಕಾಪಿ ಬರೆಯುತ್ತಿದ್ದೆ.

ಒಂದು ಸಂಜೆ ಗೋವಿನಕೋವಿ ಹಳ್ಳಿಯ ರೈತರೊಬ್ಬರು ಬಂದರು. ಅವರ ಮಗಳು ಹೆರಿಗೆಗೆಂದು ದಾವಣಗೆರೆಯ ಆಸ್ಪತ್ರೆ ಸೇರಿ ಎರಡು ದಿನವಾಗಿತ್ತು, ಸುದ್ದಿಯೇ ಇರಲಿಲ್ಲ. ಚಿಕ್ಕಮ್ಮ ಆ ಊರಿಗೆ ಟ್ರಂಕ್ ಕಾಲ್ ಹಚ್ಚುವಾಗಲೇ ಅವಳ ಹೆಡ್‌ಸೆಟ್‌ನ ಸದ್ದು ನಿಂತಿತು. ಕಿವಿಯ ಹತ್ತಿರ ವೈರು ತುಂಡಾಗಿತ್ತು. ಎಕ್ಸ್‌ಚೇಂಜ್‌ನಲ್ಲಿ ಇದ್ದದ್ದು ಅದೊಂದೇ ಹೆಡ್‌ಸೆಟ್.

"ಹೊಸದು ಬರಾಕೆ ವಾರ ಬೇಕು. ಅವರಿಗೆ ಆಮೇಲೆ ಬರಾಕೆ ಹೇಳ್ರಿ," ಎಂದರು ಜೊತೆಗಿದ್ದ ಹಿರಿಯ ಆಪರೇಟರ್.

"ವಾರದ ತನಕ ಇವರು ಹೆಂಗೆ ತಡಕಂತಾರೆ ಸಾರ್?" ಎಂದಳು ಚಿಕ್ಕಮ್ಮ.

ಬ್ಲೇಡಿನಿಂದ ವೈರಿನ ತುದಿ ಹೆರೆದು ಎಳೆಗಳನ್ನು ಹೊಸೆದು ಗಂಟು ಹಾಕಿದಳು. ಸ್ವಲ್ಪ ಅಲುಗಿದರೂ ಸದ್ದು ಹೋಗುತ್ತಿತ್ತು. ಅದಕ್ಕೆ ಆ ಗಂಟನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ಕತ್ತು ತಿರುಗಿಸದೆ, ಅದೇ ತಣ್ಣನೆಯ ದನಿಯಲ್ಲಿ ದಾವಣಗೆರೆಯನ್ನು ಮತ್ತೆ ಮತ್ತೆ ಕೂಗಿದಳು. ಕೊನೆಗೆ, "ಯಜಮಾನ್ರೇ, ಆಸ್ಪತ್ರೆ ಸಿಕ್ಕೈತೆ, ಮಾತಾಡ್ರಿ," ಎಂದಳು.

ರೈತರು ಮಾತಾಡಿ ಫೋನ್ ಇಟ್ಟು, "ತಾಯಿ ಮಗು ಇಬ್ರೂ ಚೆನ್ನಾಗವ್ರೆ ಕಣಮ್ಮ," ಎಂದು ಕಣ್ಣೊರೆಸಿಕೊಂಡರು. ಚಿಕ್ಕಮ್ಮ ಆಗ ಬೆರಳು ಸಡಿಲಿಸಿದಳು. ತಂತಿ ಚುಚ್ಚಿ ರಕ್ತ ಬಂದಿತ್ತು.

ಇವತ್ತು ಅಂಗಡಿಯವರು ಸರಿಮಾಡಿದ ಹೆಡ್‌ಸೆಟ್ ಕೊಟ್ಟು, "ಒಂದ್ಸಲ ಮಾತಾಡಿ ನೋಡ್ರಿ ಮೇಡಂ," ಎಂದರು. ನಾನು ಚಿಕ್ಕಮ್ಮನಿಗೆ ಫೋನ್ ಮಾಡಿದೆ.